ಮೋಟಾರಿನ ನಿದ್ರೆ

ಗೃಹಕೃತ್ಯಕ್ಕೆ ಮೀಸಲಾದ ಈ ಪುಟಗಳಲ್ಲಿ ಮೋಟಾರು ಗಾಡಿಯ ಬ್ಯಾಟರಿಯನ್ನು ಕುರಿತು ಬರೆಯಹೊರಟರೆ, ಇದು ಗ್ಯಾರೇಜಿನವರ ಮಾತಲ್ಲವೆ ಎಂದು ವಾಚಕರಲ್ಲಿ ಕೆಲವರಿಗೆ ತೋರಬಹುದು. ಒಂದು ಕಾಲದಲ್ಲಿ ಅದು ಹಾಗೆಯೇ ಇದ್ದಿತು. ಮೋಟಾರೆಂಬುದು ಊರಿಗೆ ಒಬ್ಬಿಬ್ಬರು ಸಾಹುಕಾರರ ಮನೆಯ ವಸ್ತು. ಅದರ ಯೋಗಕ್ಷೇಮವೆಲ್ಲ ಡ್ರೈವರನ ಪಾಲಿಗೆ ಸೇರಿದುದು. ಈಗಲಾದರೋ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಸಾಮಾನ್ಯ ಗೃಹಸ್ಥರ ಮನೆಯ ಮುಂದೆಯೂ ತಗಡಿನ ಚಪ್ಪರದ ಕೆಳಗೆ ಒಂದು ಸಣ್ಣ ಕಾರು ನಿಂತಿರುತ್ತದೆ. ಎಷ್ಟೋ ಮನೆಗಳಲ್ಲಿ ಅದನ್ನು ಕೊಡಿಸಿದವರು ಬೆಂಗಳೂರಿನಲ್ಲಿರುವ ಮಕ್ಕಳು. ಕಾದುಕೊಂಡಿರುವವರು ಊರಿನಲ್ಲಿರುವ ವೃದ್ಧ ತಂದೆತಾಯಿಗಳು. ಹದಿನೈದು ದಿನಕ್ಕೊಮ್ಮೆ ಪೇಟೆಗೆ, ವರ್ಷಕ್ಕೆರಡು ಸಲ ಮದುವೆ ಮುಂಜಿಗಳಿಗೆ, ಉಳಿದಂತೆ ಹೊತ್ತಲ್ಲದ ಹೊತ್ತಿಗೆ ಬೇಕಾದೀತೆಂದು ತಂದು ನಿಲ್ಲಿಸಿದ ಗಾಡಿ ಅದು. ಆ ಹೊತ್ತು ಬಂದಾಗ ಅದು ಎದ್ದೀತೆ ಎಂಬುದು ಗ್ಯಾರೇಜಿನವರ ವಿಚಾರವಲ್ಲ, ಮನೆಯವರ ವಿಚಾರ.

ಮೋಟಾರಿನ ಎಂಜಿನ್ನಿಗೆ ಹುಟ್ಟಿನಿಂದ ಬಂದ ಒಂದು ಕೊರತೆಯುಂಟು. ಉಗಿಯ ಯಂತ್ರದಂತೆ ಅದು ತಾನಾಗಿ ಚಲಿಸಲಾರದು. ಯಾರಾದರೂ ಮೊದಲು ಅದನ್ನು ಒಂದೆರಡು ಸುತ್ತು ತಿರುಗಿಸಿ ಕೊಡಬೇಕು. ಆಮೇಲೆ ತನ್ನ ಬಲದಿಂದ ತಾನೇ ಓಡುವುದು. ಮೊದಮೊದಲು ಈ ತಿರುಗಿಸುವ ಕೆಲಸ ಮನುಷ್ಯನ ತೋಳಿನದಾಗಿತ್ತು. ಗಾಡಿಯ ಮುಂಭಾಗದ ರಂಧ್ರದೊಳಕ್ಕೆ ಬಾಗಿದ ಕಬ್ಬಿಣದ ಹ್ಯಾಂಡಲನ್ನು ತೂರಿಸಿ, ಕೆಳಗಿನಿಂದ ಮೇಲಕ್ಕೆ ಒಮ್ಮೆಗೇ ಎಳೆಯಬೇಕು. ಹೆಬ್ಬೆರಳನ್ನು ಹಿಡಿಯ ಸುತ್ತ ಮಡಿಸಕೂಡದು. ಉಳಿದ ಬೆರಳುಗಳ ಪಕ್ಕಕ್ಕೇ ಸೇರಿಸಿರಬೇಕು. ಎಂಜಿನ್ನು ಹಿಮ್ಮುಖವಾಗಿ ಒದೆದರೆ ಹೆಬ್ಬೆರಳೂ ಮಣಿಕಟ್ಟೂ ಮುರಿಯುವುದುಂಟು. ಎರಡನೆಯ ಮಹಾಯುದ್ಧದ ದಿನಗಳಲ್ಲಿ ಪೆಟ್ರೋಲಿಗೆ ರೇಷನ್ ಬಂದು, ನಮ್ಮ ಮೈಸೂರು ಸಂಸ್ಥಾನದ ಬಸ್ಸುಗಳು ಇದ್ದಲ ಗ್ಯಾಸಿನಿಂದ ಓಡತೊಡಗಿದಾಗ ಈ ಕಷ್ಟ ಇನ್ನೂ ಹೆಚ್ಚಿತು. ಬಸ್ಸು ಹೊರಡುವುದಕ್ಕೆ ಬಹಳ ಮುಂಚೆಯೇ ಕ್ಲೀನರು ಎದ್ದು, ಹಿಂದಿನ ಉರುಳೆಯಲ್ಲಿ ಬೆಂಕಿ ಹೊತ್ತಿಸಿ, ಗಾಳಿಯ ಚಕ್ರವನ್ನು ತಿರುಗಿಸಿ ತಿರುಗಿಸಿ, ಮೈಯೆಲ್ಲ ಮಸಿಯಾಗಿ ನಿಲ್ಲಬೇಕಾಗಿತ್ತು.

ಈ ತೋಳಿನ ಕೆಲಸವನ್ನು ವಿದ್ಯುಚ್ಛಕ್ತಿಗೆ ವಹಿಸಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅವನು ೧೯೧೧ರಲ್ಲಿ ಸಿದ್ಧಪಡಿಸಿದ ಸೆಲ್ಫ್ ಸ್ಟಾರ್ಟರು ಮರುವರ್ಷದ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಬಂದಿತು. ಸೀಸದ ಫಲಕಗಳನ್ನು ಗಂಧಕಾಮ್ಲದಲ್ಲಿ ಮುಳುಗಿಸಿ ವಿದ್ಯುತ್ತನ್ನು ಕೂಡಿಡುವ ಉಪಾಯವಂತೂ ಅದಕ್ಕಿಂತ ಹಳೆಯದು. ೧೮೫೯ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಅದನ್ನು ಕಂಡುಹಿಡಿದನು. ಇಂದು ನಾವು ಕೊಳ್ಳುವ ಕಾರಿನಲ್ಲಿ ಇತರ ಭಾಗಗಳೆಲ್ಲ ಗುರುತು ಸಿಕ್ಕದಷ್ಟು ಬದಲಾಗಿದ್ದರೂ, ಅದನ್ನು ಎಬ್ಬಿಸುವ ಬ್ಯಾಟರಿ ಮಾತ್ರ ಮೂಲದಲ್ಲಿ ಅದೇ ಸೀಸ, ಅದೇ ಆಮ್ಲ.

ನನ್ನ ದೊಡ್ಡಪ್ಪನವರಲ್ಲಿ ಒಂದು ಅಂಬಾಸಿಡರ್ ಇದ್ದಿತು. ಆ ಕಾರು ೧೯೫೦ರ ದಶಕದ ಕೊನೆಯಿಂದ ೨೦೧೪ರ ವರೆಗೆ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದು, ನಮ್ಮ ದೇಶದ ಎರಡು ಮೂರು ತಲೆಮಾರುಗಳನ್ನು ಹೊತ್ತು ತಿರುಗಿದುದು ವಾಚಕರಿಗೆ ತಿಳಿದೇ ಇದೆ. ದೊಡ್ಡಪ್ಪನವರ ಮನೆ ದುರ್ಗದ ಕೋಟೆಯ ಬುಡದಲ್ಲಿ, ಇಳಿಜಾರಾದ ಒಂದು ಬೀದಿಯಲ್ಲಿ. ಕಾರನ್ನು ಅವರು ಯಾವಾಗಲೂ ಇಳಿಜಾರಿಗೆ ಮುಖಮಾಡಿಯೇ ನಿಲ್ಲಿಸುತ್ತಿದ್ದರು. ಚಕ್ರಕ್ಕೆ ಒಂದು ಕಲ್ಲು ಕೊಡುತ್ತಿದ್ದರು. ಬೆಳಗ್ಗೆ ಸ್ಟಾರ್ಟರು ಸೋತರೆ ಹ್ಯಾಂಡಲ್, ಹ್ಯಾಂಡಲ್ ಸೋತರೆ ಇಳಿಜಾರು. ಕಲ್ಲು ತೆಗೆದು, ಎರಡನೆಯ ಗೇರಿನಲ್ಲಿಟ್ಟು, ಕ್ಲಚ್ಚನ್ನು ಒತ್ತಿಕೊಂಡು ಉರುಳಿಸಿ, ಹತ್ತು ಮಾರು ಹೋದಮೇಲೆ ಕ್ಲಚ್ಚು ಬಿಟ್ಟರೆ ಎಂಜಿನ್ನು ಕೆಮ್ಮಿಕೊಂಡು ಎದ್ದುಬಿಡುವುದು. ಹ್ಯಾಂಡಲಿನಲ್ಲಿ ಒಂದು ಅನುಕೂಲವೂ ಇದ್ದಿತು. ಎಂಜಿನ್ನನ್ನು ತಿರುಗಿಸುವ ಭಾರ ತೋಳಿನ ಮೇಲೆ ಬಿದ್ದುದರಿಂದ, ಬ್ಯಾಟರಿಯಲ್ಲಿ ಉಳಿದಿದ್ದ ಅಲ್ಪಸ್ವಲ್ಪ ಶಕ್ತಿಯೆಲ್ಲ ಕಿಡಿ ಹಾರಿಸುವುದಕ್ಕೆ ದೊರೆಯುತ್ತಿತ್ತು.

ಆ ಕಾರಿನ ಇನ್ನೊಂದು ಗುಣವೆಂದರೆ, ತನ್ನ ಬಲಹೀನತೆಯನ್ನು ಅದು ಮುಂದಾಗಿಯೇ ಹೇಳಿಕೊಳ್ಳುತ್ತಿದ್ದುದು. ಬ್ಯಾಟರಿ ಮುಪ್ಪಾಗುತ್ತ ಬಂದಂತೆ ಸ್ಟಾರ್ಟರಿನ ದನಿ ದಿನದಿನಕ್ಕೆ ಎಳೆದೆಳೆದು ಬರುವುದು, ದೀಪಗಳು ಕೆಂಪೇರುವುವು, ಹಾರನ್ನಿನ ಗಂಟಲು ಕಟ್ಟುವುದು. ಅಡುಗೆಮನೆಯಲ್ಲಿದ್ದ ದೊಡ್ಡಮ್ಮನೇ ಆ ದನಿ ಕೇಳಿ, "ನಿಮ್ಮ ಗಾಡಿಗೆ ಔಷಧಿ ಹಾಕಿಸಿ" ಎನ್ನುತ್ತಿದ್ದರು. ತಿಂಗಳಿಗೊಮ್ಮೆ ದೊಡ್ಡಪ್ಪನವರು ಬ್ಯಾಟರಿಯ ಆರು ಬಿರಡೆಗಳನ್ನೂ ತಿರುಗಿಸಿ ತೆಗೆದು, ಫಲಕಗಳು ಮುಳುಗುವಷ್ಟು ಬಟ್ಟಿ ಇಳಿಸಿದ ನೀರು ಹಾಕುತ್ತಿದ್ದರು. ಕಾಶಿಯಾತ್ರೆಗೆಂದು ಒಂದೂವರೆ ತಿಂಗಳು ಹೊರಟಾಗ, ಮನೆಗೆ ಬೀಗ ಹಾಕುವ ಮೊದಲು ಬಾನೆಟ್ಟು ಎತ್ತಿ ಬ್ಯಾಟರಿಯ ಒಂದು ತಂತಿಯನ್ನು ಕಳಚಿಟ್ಟುದನ್ನು ನಾನು ಕಣ್ಣಾರೆ ಕಂಡಿದ್ದೆ. ಅದರ ಅರ್ಥ ನನಗೆ ತಿಳಿದುದು ಬಹಳ ವರ್ಷಗಳ ಮೇಲೆ.

ಈಗಿನ ಕಾರುಗಳನ್ನು ಎಬ್ಬಿಸುವುದು ಎಷ್ಟು ಸುಲಭವೆಂದರೆ, ಅದು ಒಂದು ಕೆಲಸವೆಂಬುದೇ ಮರೆತುಹೋಗಿದೆ. ಗುಂಡಿಯೊತ್ತಿದರೆ ಸಾಕು, ಒಂದೇ ಕ್ಷಣ. ಪೆಟ್ರೋಲು ಎಷ್ಟು ಬೇಕು, ಕಿಡಿ ಯಾವಾಗ ಹಾರಬೇಕು ಎಂಬುದನ್ನೆಲ್ಲ ಒಳಗಿನ ಕಂಪ್ಯೂಟರು ನಿರ್ಧರಿಸುವುದರಿಂದ ಚಳಿಗಾಲದ ಬೆಳಗಿನಲ್ಲಿ ಚೋಕ್ ಎಳೆದು ಕಾಯುವ ಪ್ರಸಂಗವಿಲ್ಲ. ಆದರೆ ಈ ಸೌಕರ್ಯಕ್ಕೆ ಒಂದು ಬೆಲೆಯುಂಟು, ಆ ಬೆಲೆ ತೆರುವುದು ನಾವು ಕಾರಿನಲ್ಲಿ ಕುಳಿತಿರುವಾಗಲ್ಲ. ಹಳೆಯ ಕಾರಿನ ಬೀಗದ ಕೈ ತೆಗೆದರೆ ಅದು ಸಂಪೂರ್ಣವಾಗಿ ನಿದ್ರೆ ಹೋಗುತ್ತಿತ್ತು. ಹೊಸ ಕಾರು ನಿದ್ರೆ ಮಾಡುವುದೇ ಇಲ್ಲ. ಬಾಗಿಲ ಬೀಗ ಯಜಮಾನನ ಜೇಬಿನ ಕೀಲಿಗಾಗಿ ಕಿವಿಗೊಟ್ಟಿರುತ್ತದೆ, ಕಳ್ಳರ ಗಂಟೆ ಎಚ್ಚರವಾಗಿರುತ್ತದೆ, ಗಡಿಯಾರ ನಡೆಯುತ್ತದೆ, ಕಂಪ್ಯೂಟರುಗಳು ತಮ್ಮ ನೆನಪನ್ನು ಹಿಡಿದುಕೊಂಡಿರುತ್ತವೆ, ಕೆಲವು ಕಾರುಗಳಂತೂ ತಾವೆಲ್ಲಿದ್ದೇವೆಂದು ಕಂಪನಿಗೆ ಆಗಾಗ್ಗೆ ತಿಳಿಸುತ್ತಿರುತ್ತವೆ. ಇವೆಲ್ಲವೂ ಆ ಒಂದೇ ಬ್ಯಾಟರಿಯಿಂದ ಹನಿಹನಿಯಾಗಿ ಕುಡಿಯುತ್ತವೆ.

ಇದರ ಲೆಕ್ಕ ನೋಡಿದರೆ ಆಶ್ಚರ್ಯವಾಗುವುದು. ಸಣ್ಣ ಪೆಟ್ರೋಲು ಕಾರಿನ ಎಂಜಿನ್ನನ್ನು ತಿರುಗಿಸಲು ಸ್ಟಾರ್ಟರು ಸುಮಾರು ೧೫೦ ಆಂಪಿಯರಿನಷ್ಟು ವಿದ್ಯುತ್ತನ್ನು ಎಳೆಯುತ್ತದೆನ್ನೋಣ. ಇದು ಬಹು ದೊಡ್ಡ ಪ್ರವಾಹ. ಆದರೆ ಅದು ಹರಿಯುವುದು ಹೆಚ್ಚೆಂದರೆ ೩ ಸೆಕೆಂಡು. ಗಂಟೆಯ ಲೆಕ್ಕಕ್ಕೆ ತಂದರೆ ಒಂದು ಆಂಪಿಯರ್ ಗಂಟೆಯ ಎಂಟನೆಯ ಒಂದು ಪಾಲು ಮಾತ್ರ. ಇತ್ತ ಮಲಗಿದಂತೆ ಕಾಣುವ ಕಾರು ಕುಡಿಯುವುದು ಸುಮಾರು ೪೦ ಮಿಲಿ ಆಂಪಿಯರ್. ಒಂದು ಪುಟ್ಟ ದೀಪವೂ ಸರಿಯಾಗಿ ಉರಿಯದಷ್ಟು ಅಲ್ಪ. ಆದರೆ ಅದು ಹಗಲಿರುಳೆನ್ನದೆ ೨೪ ಗಂಟೆಯೂ ಹರಿಯುವುದರಿಂದ ದಿನಕ್ಕೆ ಹೆಚ್ಚು ಕಡಿಮೆ ಒಂದು ಆಂಪಿಯರ್ ಗಂಟೆಯಾಗುತ್ತದೆ. ಎಂದರೆ, ಕಾರು ಒಂದು ದಿನ ಸುಮ್ಮನೆ ನಿಂತರೆ ಎಂಟು ಸಲ ಎಬ್ಬಿಸಿದಷ್ಟು ಶಕ್ತಿ ಖರ್ಚಾಯಿತು! ಸಣ್ಣ ಕಾರಿನ ಬ್ಯಾಟರಿ ೩೫ ಆಂಪಿಯರ್ ಗಂಟೆಯದು. ಹೊಸದಾಗಿ ತುಂಬಿದ್ದರೂ ಹದಿನೈದು ದಿನದಲ್ಲಿ ಐದರಲ್ಲಿ ಎರಡು ಪಾಲಿಗಿಂತ ಹೆಚ್ಚು ಸೋರಿಹೋಗುವುದು. ಒಂದು ತಿಂಗಳಿಗೆ ತಳ ಕಾಣುವುದು. ಮೂರು ನಾಲ್ಕು ವರ್ಷ ಹಳೆಯದಾಗಿ ಅರ್ಧ ಸತ್ವ ಕಳೆದುಕೊಂಡ ಬ್ಯಾಟರಿಯಾದರೆ ಅಷ್ಟು ದಿನವೂ ಬೇಕಿಲ್ಲ.

ಹಿರಿಯೂರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ೧೯೦೭ರಲ್ಲಿ ಪೂರ್ತಿಯಾದ ಮಾರಿಕಣಿವೆಯ ವಾಣಿವಿಲಾಸ ಸಾಗರ ೧೯೩೩ರಲ್ಲಿ ಕೋಡಿ ಬಿದ್ದುದು, ಮತ್ತೆ ಕೋಡಿ ಬೀಳಲು ೨೦೨೨ರ ವರೆಗೆ ಕಾಯಬೇಕಾಯಿತು. ನಡುವಿನ ೮೯ ವರ್ಷ ನೀರು ಬರಲೇ ಇಲ್ಲವೆಂದಲ್ಲ; ಬಂದುದಕ್ಕಿಂತ ನಾಲೆಗೂ ಬಿಸಿಲಿಗೂ ಹೋದುದು ಹೆಚ್ಚು. ಬ್ಯಾಟರಿಯದೂ ಇದೇ ಕಥೆ. ತೂಬು ತೆರೆದಾಗ ಹೋಗುವ ನೀರು ಎಲ್ಲರ ಕಣ್ಣಿಗೂ ಬೀಳುತ್ತದೆ. ಸದ್ದಿಲ್ಲದೆ ಹೋಗುವುದು ಯಾರಿಗೂ ಕಾಣದು.

ಈ ಸದ್ದಿಲ್ಲದ ಸೋರಿಕೆ ನಾಡಿಗೆಲ್ಲ ತಿಳಿದುಬಂದುದು ೨೦೨೦ರಲ್ಲಿ. ಆ ವರ್ಷ ಮಾರ್ಚಿ ೨೫ರಿಂದ ಲಾಕ್‌ಡೌನ್ ಜಾರಿಗೆ ಬಂದು ಕಾರುಗಳೆಲ್ಲ ನಿಂತಲ್ಲೇ ನಿಂತುವು. ಮೇ ತಿಂಗಳಲ್ಲಿ ನಿರ್ಬಂಧ ಸಡಿಲಿದಾಗ ನಮ್ಮ ಬೀದಿಯ ಐದು ಹೊಸ ಕಾರುಗಳಲ್ಲಿ ನಾಲ್ಕು ಮಾತಾಡಲಿಲ್ಲ. ಒಂದರ ಬಾಗಿಲೇ ತೆರೆಯಲಿಲ್ಲ. ಕೊನೆಯ ಮನೆಯ ಹಿರಿಯರೊಬ್ಬರ ಅಂಬಾಸಿಡರ್ ಮಾತ್ರ, ತಂತಿ ಸಿಕ್ಕಿಸಿದ ಮೇಲೆ, ಎರಡನೆಯ ಪ್ರಯತ್ನಕ್ಕೇ ಹೊಗೆಯುಗುಳಿ ಎದ್ದಿತು. ದೊಡ್ಡಪ್ಪನವರು ಕಾಶಿಗೆ ಹೊರಟಾಗ ಮಾಡಿದ ಕೆಲಸವನ್ನೇ ಅವರೂ ಮಾಡಿದ್ದರು. ಇದನ್ನು ಕಂಡು ಹಳೆಯದೇ ಮೇಲೆಂದು ಹೊಗಳುವುದು ನನ್ನ ಉದ್ದೇಶವಲ್ಲ. ಹಳೆಯ ಕಾರನ್ನು ನೋಡಿಕೊಳ್ಳುವ ಕ್ರಮ ಒಂದು, ಹೊಸದನ್ನು ನೋಡಿಕೊಳ್ಳುವ ಕ್ರಮ ಇನ್ನೊಂದು; ಇದನ್ನು ನಮಗೆ ಯಾರೂ ಹೇಳಿಕೊಡಲಿಲ್ಲ ಎಂಬುದಷ್ಟೇ ನನ್ನ ಮಾತು.

ಹೇಳಿಕೊಡದುದರ ಫಲವೇನೆಂಬುದನ್ನು ನಮ್ಮ ಕುಟುಂಬ ೨೦೨೩ರ ಜನವರಿಯಲ್ಲಿ ಕಂಡಿತು. ನನ್ನ ಅಕ್ಕ ಭಾವನವರು ಹೊಸದುರ್ಗದ ಕಡೆಯ ಒಂದು ಹಳ್ಳಿಯಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದಾರೆ. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ. ತಂದೆಗೆ ಮೊಣಕಾಲು ನೋವೆಂದು ಕ್ಲಚ್ಚಿಲ್ಲದ, ಗೇರು ತಾನೇ ಬದಲಾಗುವ ಕಾರನ್ನು ಕೊಡಿಸಿದ್ದರು. ಭಾವನವರು ಅದನ್ನು ಅಲಕ್ಷ್ಯ ಮಾಡಿದವರಲ್ಲ. ಬೆಳಗ್ಗೆ ದನಗಳಿಗೆ ಹುಲ್ಲು ಹಾಕಿ ಬಂದು, ಕಾರನ್ನು ನಿಂತಲ್ಲೇ ಸ್ಟಾರ್ಟು ಮಾಡಿ, ಎರಡು ನಿಮಿಷ ಓಡಗೊಟ್ಟು ನಿಲ್ಲಿಸುವುದು ಅವರ ನಿತ್ಯವಿಧಿ. ಹಿಂದಿನವರಿಂದ ಕಲಿತ ಮರ್ಯಾದೆಯಿದು. ಆದರೆ ಎರಡು ನಿಮಿಷದಲ್ಲಿ, ಅದೂ ನಿಧಾನವಾಗಿ ತಿರುಗುವ ಎಂಜಿನ್ನಿನಿಂದ, ಬ್ಯಾಟರಿಗೆ ಹಿಂದಿರುಗುವುದು ಎಬ್ಬಿಸಿದ ಖರ್ಚಿಗಿಂತ ಸ್ವಲ್ಪವೇ ಹೆಚ್ಚು. ದಿನವೆಲ್ಲ ಸೋರಿದ ಸಾಲ ಹಾಗೆಯೇ ಉಳಿದು ಬೆಳೆಯುತ್ತ ಹೋಗುತ್ತದೆ.

ಆ ರಾತ್ರಿ ಎರಡು ಗಂಟೆಯ ಹೊತ್ತಿಗೆ ಭಾವನವರಿಗೆ ಎದೆನೋವು ಬಂದಿತು. ಪಕ್ಕದ ಮನೆಯ ಹುಡುಗ ಕಾರು ತೆಗೆಯಲು ಓಡಿಬಂದನು. ಗುಂಡಿಯೊತ್ತಿದರೆ ಟಿಕ್ ಟಿಕ್ ಟಿಕ್ ಎಂಬ ಸದ್ದು. ಮತ್ತೊಮ್ಮೆ ಒತ್ತಿದರೆ ಅದೂ ಇಲ್ಲ. ಹಿಂದಿನ ಸಂಜೆಯ ವರೆಗೆ ಅದು ಯಾವ ಸೂಚನೆಯನ್ನೂ ಕೊಟ್ಟಿರಲಿಲ್ಲ. ನಾಲ್ವರು ಸೇರಿ ತಳ್ಳಿದರು. ಕ್ಲಚ್ಚಿಲ್ಲದ ಗಾಡಿ ತಳ್ಳಿದರೆ ಏಳುವುದಿಲ್ಲವೆಂಬುದು ಅವರಲ್ಲಿ ಯಾರಿಗೂ ತಿಳಿಯದು. ಆಂಬುಲೆನ್ಸಿಗೆ ಕರೆ ಹೋಗಿತ್ತು. ಅದು ಹಳ್ಳಿಗೆ ಬಂದು ಮುಟ್ಟುವ ದಾರಿ ದೂರ. ಕಡೆಗೆ ಎದುರು ಮನೆಯ ರೈತರೊಬ್ಬರು, "ಅಕ್ಕಾ, ಗಾಬ್ರಿ ಆಗ್ಬೇಡಿ, ನಮ್ಮ ಟ್ರ್ಯಾಕ್ಟ್ರು ತರ್ತೀನಿ" ಎಂದು ಹೇಳಿ, ಟ್ರ್ಯಾಕ್ಟರನ್ನು ಮುಖಾಮುಖಿ ನಿಲ್ಲಿಸಿ, ಪಂಪುಸೆಟ್ಟಿನ ದಪ್ಪ ತಂತಿಯಿಂದಲೇ ಎರಡು ಬ್ಯಾಟರಿಗಳನ್ನು ಜೋಡಿಸಿ ಕಾರನ್ನು ಎಬ್ಬಿಸಿದರು. ಅಷ್ಟರಲ್ಲಿ ಐವತ್ತು ನಿಮಿಷ ಕಳೆದಿತ್ತು. ಹೊಸದುರ್ಗದಲ್ಲಿ ಮೊದಲ ಚಿಕಿತ್ಸೆಯಾಗಿ, ಅಲ್ಲಿಂದ ಬೆಳಗಿನ ಜಾವಕ್ಕೆ ದಾವಣಗೆರೆಗೆ ಒಯ್ದರು.

ಭಾವನವರು ಬದುಕಿದರು. ಆದರೆ ತೋಟದ ಕೊನೆಯ ಸಾಲಿನ ತನಕ ನಡೆಯುತ್ತಿದ್ದವರು ಈಗ ಬಾವಿಯ ಕಟ್ಟೆಯ ಬಳಿ ಕುಳಿತುಬಿಡುತ್ತಾರೆ. ಆ ಐವತ್ತು ನಿಮಿಷಕ್ಕೂ ಈ ಆಯಾಸಕ್ಕೂ ಎಷ್ಟು ಸಂಬಂಧವೆಂದು ವೈದ್ಯರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಇನ್ನು ಬಿಸಿಲಿನ ಮಾತು. ಬ್ಯಾಟರಿ ಚಳಿಗೆ ಕೆಡುವುದೆಂದು ನಮ್ಮಲ್ಲಿ ನಂಬಿಕೆಯಿದೆ. ಅದು ಕೈಕೊಡುವುದು ಬಹುಮಟ್ಟಿಗೆ ಚಳಿಯ ಬೆಳಗಿನಲ್ಲೇ ಆದುದರಿಂದ ಹಾಗೆ ತೋರುವುದು ಸಹಜ. ವಾಸ್ತವವಾಗಿ ಅದನ್ನು ಕೊಲ್ಲುವುದು ನಮ್ಮ ಸೀಮೆಯ ಏಪ್ರಿಲ್ ಮೇ ತಿಂಗಳುಗಳು. ಉಷ್ಣತೆ ಸುಮಾರು ಹತ್ತು ಡಿಗ್ರಿ ಹೆಚ್ಚಿದರೆ ಒಳಗಿನ ರಾಸಾಯನಿಕ ಕ್ರಿಯೆಗಳು ಇಮ್ಮಡಿಯಾಗಿ ನಡೆಯುತ್ತವೆ; ಸೀಸದ ಜಾಲರಿ ಸವೆಯುತ್ತದೆ, ನೀರು ಆರುತ್ತದೆ. ಬಂಡೆಗಳು ಕಾದ ದುರ್ಗದ ಮಧ್ಯಾಹ್ನದಲ್ಲಿ ಬಾನೆಟ್ಟಿನ ಕೆಳಗಿನ ಬೇಗೆ ಎಷ್ಟಿರಬಹುದೆಂದು ವಾಚಕರೇ ಊಹಿಸಿಕೊಳ್ಳಬಹುದು. ಜೊತೆಗೆ, ಖಾಲಿಯಾದ ಬ್ಯಾಟರಿಯ ಫಲಕಗಳ ಮೇಲೆ ಕೂಡುವ ಸೀಸದ ಸಲ್ಫೇಟು, ಬೇಗನೆ ಚಾರ್ಜು ಸಿಕ್ಕದಿದ್ದರೆ, ಜೋನಿಬೆಲ್ಲ ಹರಳುಗಟ್ಟುವಂತೆ ಗಟ್ಟಿಯಾಗಿ ಮತ್ತೆ ಕರಗದು. ಹೀಗೆ ಬೇಸಗೆಯಲ್ಲಿ ಗಾಯಗೊಂಡುದು, ಎಂಜಿನ್ನಿನ ಎಣ್ಣೆ ಮಂದವಾಗಿ ತಿರುಗಿಸುವ ಭಾರ ಹೆಚ್ಚುವ ಪುಷ್ಯಮಾಸದಲ್ಲಿ ಬೀಳುತ್ತದೆ. ನಮ್ಮ ಕಡೆ ಬ್ಯಾಟರಿಯ ಆಯುಸ್ಸು ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ನಿಂತೇ ಇರುವ ಗಾಡಿಯಲ್ಲಿ ಇನ್ನೂ ಕಡಿಮೆ.

ಎಂಜಿನ್ನೇ ಇಲ್ಲದ ವಿದ್ಯುತ್ ಕಾರು ಬಂದರೆ ಈ ತಾಪತ್ರಯ ತಪ್ಪುವುದೆಂದು ಕೆಲವರು ಎಣಿಸುತ್ತಾರೆ. ಜೋಗಿಮಟ್ಟಿಯ ಸಾಲಿನಲ್ಲಿ ಗಾಳಿಯಂತ್ರಗಳು ತಿರುಗುವುದನ್ನು ನೋಡುತ್ತ ಬೆಳೆದ ನಮ್ಮ ಮಕ್ಕಳಿಗೆ ಆ ಕಾರು ಪ್ರಿಯವಾಗಿರುವುದು ಸಂತೋಷವೇ. ಆದರೆ ಅಂಥ ಕಾರುಗಳಲ್ಲಿಯೂ, ನೆಲದಡಿಯ ಮಹಾ ಬ್ಯಾಟರಿಯಲ್ಲದೆ, ಹನ್ನೆರಡು ವೋಲ್ಟಿನ ಒಂದು ಸಣ್ಣ ಬ್ಯಾಟರಿ ಬೇರೆಯಾಗಿ ಇರುತ್ತದೆ. ಬೀಗ ತೆರೆಯುವುದು, ಕಂಪ್ಯೂಟರನ್ನು ಎಬ್ಬಿಸುವುದು, ಮಹಾ ಬ್ಯಾಟರಿಯ ಕೊಂಡಿಯನ್ನು ಕೂಡಿಸುವುದು ಇದರ ಕೆಲಸ. ಇದು ಸತ್ತರೆ ಅದು ತುಂಬಿದ್ದರೂ ಪ್ರಯೋಜನವಿಲ್ಲ. ಉಗ್ರಾಣ ತುಂಬಿದ್ದು ಬೀಗದ ಕೈ ಕಳೆದಂತೆ.

ಮನೆಯವರು ಮಾಡಬಹುದಾದುದು ಕಷ್ಟದ ಕೆಲಸವೇನೂ ಅಲ್ಲ. ಮೊದಲನೆಯದಾಗಿ, ವಾರಕ್ಕೊಮ್ಮೆಯಾದರೂ ಕಾರನ್ನು ರಸ್ತೆಯ ಮೇಲೆ ಅರ್ಧ ಮುಕ್ಕಾಲು ಗಂಟೆ ಓಡಿಸಬೇಕು; ನಿಂತಲ್ಲೇ ಎರಡು ನಿಮಿಷ ಗುರುಗುಟ್ಟಿಸಿದರೆ ಫಲವಿಲ್ಲ. ಮೂರು ವಾರಕ್ಕಿಂತ ಹೆಚ್ಚು ನಿಲ್ಲುವಂತಿದ್ದರೆ ಬ್ಯಾಟರಿಯ ಕಪ್ಪು ತಂತಿಯನ್ನು, ಅಂದರೆ ಋಣದ ಕಡೆಯದನ್ನು, ಕಳಚಿಡಬೇಕು. ಸಾಮಾನ್ಯವಾಗಿ ಹತ್ತನೆಯ ನಂಬರಿನ ಸ್ಪ್ಯಾನರೊಂದೇ ಸಾಕು. ಹೀಗೆ ಮಾಡುವ ಮೊದಲು ಗಾಡಿಯೊಂದಿಗೆ ಬಂದ ಪುಸ್ತಕವನ್ನು ಒಮ್ಮೆ ನೋಡುವುದು ಒಳ್ಳೆಯದು. ಕೀಲಿಯ ಒಡಲಿನಲ್ಲಿ ಅಡಗಿರುವ ಕಬ್ಬಿಣದ ಕೀಲಿಯನ್ನು ತೆಗೆದು ಬಾಗಿಲು ತೆರೆಯುವುದನ್ನೂ ಮನೆಯವರೆಲ್ಲ ಕಲಿತಿರಬೇಕು. ಕೀಲಿಯನ್ನು ಕಾರಿನ ಪಕ್ಕದ ಗೂಡಿನಲ್ಲಿ ಇಡಕೂಡದು. ಹತ್ತಿರವಿದ್ದರೆ ಎರಡೂ ಒಂದನ್ನೊಂದು ಎಚ್ಚರಿಸುತ್ತಲೇ ಇರುವುದುಂಟು.

ಬ್ಯಾಟರಿಯ ಕೊಂಡಿಗಳ ಮೇಲೆ ಬೂದಿಯಂಥ ಬಿಳಿ ಹಸುರು ಪುಡಿ ಬೆಳೆದಿದ್ದರೆ, ಅಡುಗೆ ಸೋಡ ಬೆರೆಸಿದ ಬಿಸಿನೀರಿನಿಂದ ತೊಳೆದು, ಒರಸಿ, ತೆಳ್ಳಗೆ ವ್ಯಾಸಲೀನ್ ಸವರಬಹುದು. ಕೊಂಡ ತಿಂಗಳು, ವರ್ಷಗಳನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟು, ಮೂರು ವರ್ಷ ತುಂಬಿದ ಮೇಲೆ ಆರು ತಿಂಗಳಿಗೊಮ್ಮೆ ಬ್ಯಾಟರಿ ಅಂಗಡಿಯಲ್ಲಿ ಪರೀಕ್ಷೆ ಮಾಡಿಸಬೇಕು. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ ಬೆಳಗ್ಗೆ ೧೨.೬ ವೋಲ್ಟು ತೋರಿಸಿದರೆ ತುಂಬಿದೆಯೆಂದೂ, ೧೨.೨ ತೋರಿಸಿದರೆ ಅರ್ಧವಾಗಿದೆಯೆಂದೂ ತಿಳಿಯಬಹುದು. ಆದರೆ ವೋಲ್ಟು ಸರಿಯಾಗಿದ್ದೂ ಭಾರ ಹೊರಲಾರದ ಬ್ಯಾಟರಿಗಳುಂಟು. ಆದುದರಿಂದ ಭಾರ ಹಾಕಿ ಪರೀಕ್ಷಿಸುವಂತೆ ಕೇಳಬೇಕು.

ಒಂದು ಜೊತೆ ದಪ್ಪ ಜಂಪರ್ ತಂತಿ ಕಾರಿನಲ್ಲಿರಲಿ. ಕೆಂಪು ಕೊಂಡಿಗೆ ಕೆಂಪನ್ನು ಸೇರಿಸಿ, ಕರಿಯ ತಂತಿಯ ಒಂದು ತುದಿಯನ್ನು ಒಳ್ಳೆಯ ಬ್ಯಾಟರಿಗೂ, ಇನ್ನೊಂದನ್ನು ಸತ್ತ ಕಾರಿನ ಎಂಜಿನ್ನಿನ ಬರಿಯ ಲೋಹಕ್ಕೂ ಕೊಡಬೇಕು. ಬ್ಯಾಟರಿಯ ಬಳಿ ಜಲಜನಕ ಅನಿಲವಿರುವ ಸಂಭವವಿದ್ದು, ಕಿಡಿ ಅದರಿಂದ ದೂರದಲ್ಲೇ ಹಾರುವುದು ಕ್ಷೇಮ. ಹನ್ನೆರಡು ವೋಲ್ಟಿನ ಇನ್ನೊಂದು ಕಾರಾಗಲಿ ಟ್ರ್ಯಾಕ್ಟರಾಗಲಿ ಆಗಬಹುದು. ದೊಡ್ಡ ಲಾರಿಯಲ್ಲಿ ಎರಡು ಬ್ಯಾಟರಿ ಸೇರಿ ಇಪ್ಪತ್ತನಾಲ್ಕು ವೋಲ್ಟು ಇರುವುದರಿಂದ ಅದಕ್ಕೆ ಜೋಡಿಸಬಾರದು.

ಆಯುಧಪೂಜೆಯ ದಿನ ನಮ್ಮಲ್ಲಿ ಕಾರನ್ನು ತೊಳೆದು, ಬಾಳೆಕಂದು ಕಟ್ಟಿ, ಕುಂಕುಮವಿಟ್ಟು, ಚಕ್ರದಡಿಗೆ ನಿಂಬೆಹಣ್ಣು ಇಡದ ಮನೆಯಿಲ್ಲ. ಆ ಹೊತ್ತಿಗೆ ಬಾನೆಟ್ಟನ್ನೂ ಒಮ್ಮೆ ಎತ್ತಿ, ಬ್ಯಾಟರಿಯ ಮೇಲಿನ ತಾರೀಖನ್ನು ಓದಿಕೊಂಡರೆ, ಮುಂದೆ ಚಳಿ ಬರುವುದಕ್ಕೆ ಮೊದಲೇ ಮಾಡಬೇಕಾದುದನ್ನು ಮಾಡಿಕೊಳ್ಳಲು ಎರಡು ತಿಂಗಳ ಅವಕಾಶವಿರುತ್ತದೆ.

ನನ್ನ ಅಕ್ಕ ಈಗ ಅಡುಗೆಮನೆಯ ಪಂಚಾಂಗದಲ್ಲಿ ಪ್ರತಿ ಮಂಗಳವಾರಕ್ಕೂ ಒಂದು ಅರಿಸಿನದ ಬೊಟ್ಟಿಟ್ಟಿದ್ದಾಳೆ. ಅಂದು ಪಕ್ಕದ ಮನೆಯ ಹುಡುಗನು ಅವರಿಬ್ಬರನ್ನೂ ಕಾರಿನಲ್ಲಿ ಹೊಳಲ್ಕೆರೆಗೆ ಕರೆದುಕೊಂಡು ಹೋಗಿ, ಬಯಲು ಗಣಪತಿಯ ದರ್ಶನ ಮಾಡಿಸಿ ತರುತ್ತಾನೆ. ಬ್ಯಾಟರಿ ತುಂಬುತ್ತದೆ, ವಾರವೆಲ್ಲ ಮನೆಯಲ್ಲೇ ಕೂರುವ ಭಾವನವರಿಗೂ ದಾರಿಯಲ್ಲಿ ನಾಲ್ಕು ತೋಟ ನೋಡಿ, ಯಾರ ತೆಂಗಿನಲ್ಲಿ ಕಾಯಿ ಎಷ್ಟು ಹಿಡಿದಿದೆಯೆಂದು ಮಾತಾಡಲು ಆಗುತ್ತದೆ.